ವೈರಾಣು ಪರೀಕ್ಷೆಯೂ ಶಾಲೆಯ ಬಾಗಿಲೂ

ಘೋಡ ನದಿಯ ದಡದ ನಮ್ಮ ಶಿರೂರಿನಿಂದ ಪುಣೆಗೆ ಬಸ್ಸಿನಲ್ಲಿ ಸುಮಾರು ಎರಡು ಗಂಟೆಯ ಹಾದಿ. ಆ ನಗರದ ರಾಷ್ಟ್ರೀಯ ವೈರಾಣು ಸಂಸ್ಥೆಯು 1952ರಲ್ಲಿ ವೈರಸ್ ಸಂಶೋಧನಾ ಕೇಂದ್ರವೆಂಬ ಹೆಸರಿನಿಂದ ಆರಂಭವಾಯಿತು. ಅದಕ್ಕೂ ಕನ್ನಡ ನಾಡಿಗೂ ಹಳೆಯ ನಂಟುಂಟು: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೂ ಜ್ವರ ಹತ್ತಿದಾಗ, ಆ ರೋಗದ ವೈರಾಣುವನ್ನು ಗುರುತಿಸಿದವರು ಅಲ್ಲಿನ ವಿಜ್ಞಾನಿಗಳೇ.

ಶಾಲೆಗಳನ್ನು ಮುಚ್ಚಿಸಿದ ಪಿಡುಗು ಕೋವಿಡ್ ಒಂದೇ ಅಲ್ಲ. 2009ರ ಆಗಸ್ಟಿನಲ್ಲಿ ಹಂದಿಜ್ವರದಿಂದ ಭಾರತದಲ್ಲಿ ಮೊಟ್ಟಮೊದಲು ತೀರಿಕೊಂಡವಳು ಪುಣೆಯ 14 ವರ್ಷದ ಶಾಲಾ ಬಾಲಕಿ. ಆಗಲೂ ಅಲ್ಲಿನ ಶಾಲೆಗಳು ಮುಚ್ಚಿದವು. ಪರೀಕ್ಷೆಗಾಗಿ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. ಮಹಾರಾಷ್ಟ್ರದಲ್ಲಿ ಕೋವಿಡ್ ಮೊದಲು ಪತ್ತೆಯಾದುದೂ ಪುಣೆಯಲ್ಲಿಯೇ, 2020ರ ಮಾರ್ಚ್ 9ರಂದು. ಆ ನವೆಂಬರಿನಲ್ಲಿ 9ರಿಂದ 12ನೆಯ ತರಗತಿಗಳನ್ನು ತೆರೆಯಲು ಸರಕಾರವು ಒಪ್ಪಿದಾಗ, ಅಧ್ಯಾಪಕರು ಮೊದಲು ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಆಜ್ಞೆಯಾಯಿತು.

ಈ ಪರೀಕ್ಷೆಯಲ್ಲಿ ನಡೆಯುವುದೇನು? ಮೂಗು ಗಂಟಲುಗಳಲ್ಲಿ ಕಡ್ಡಿಯನ್ನಾಡಿಸಿ ದ್ರವವನ್ನು ತೆಗೆಯುವರು. ಕೊರೋನಾ ವೈರಾಣುವಿನ ಒಳಗಿರುವುದು ಆರ್‌ಎನ್‌ಎ. ಕಿಣ್ವವೊಂದರ ನೆರವಿನಿಂದ ಅದನ್ನು ಡಿಎನ್‌ಎ ಆಗಿ ಮಾರ್ಪಡಿಸಿ, ಯಂತ್ರದಲ್ಲಿ ಕಾಯಿಸುತ್ತ ಆರಿಸುತ್ತ, ಅದರ ಗೊತ್ತಾದ ತುಣುಕನ್ನು ಸುತ್ತುಸುತ್ತಿಗೂ ಇಮ್ಮಡಿಯಾಗಿಸುವರು. ಲೆಕ್ಕ ಹಾಕಿ ನೋಡಿರಿ: ಒಂದು ತುಣುಕು 10 ಸುತ್ತುಗಳಲ್ಲಿ 1,024 ಆಗುವುದು, 30 ಸುತ್ತುಗಳಲ್ಲಿ 107 ಕೋಟಿಯನ್ನು ದಾಟುವುದು. ಚದುರಂಗದ ಮನೆಗಳಲ್ಲಿ ಕಾಳಿಟ್ಟ ಕಥೆಯನ್ನು ನೀವು ಕೇಳಿರುವಿರಷ್ಟೆ! ಆಗ ಅದರೊಡನೆ ಬೆರೆಸಿದ ಬಣ್ಣವು ಬೆಳಗಿ ಯಂತ್ರದ ಕಣ್ಣಿಗೆ ಬೀಳುವುದು.

ಇಷ್ಟು ಸೂಕ್ಷ್ಮವಾದ ಪರೀಕ್ಷೆಯೂ ಹೇಳುವುದು ಕಡ್ಡಿಯಾಡಿಸಿದ ಹೊತ್ತಿನ ಮಾತನ್ನು ಮಾತ್ರ. ಸೋಂಕು ತಗಲಿದ ಮೊದಲ ಒಂದೆರಡು ದಿನ ಮೂಗಿನಲ್ಲಿ ವೈರಾಣು ಸಾಕಷ್ಟಿರುವುದಿಲ್ಲ. ಸೋಮವಾರ ‘ಇಲ್ಲ’ ಎನಿಸಿಕೊಂಡ ಅಧ್ಯಾಪಕನು ಗುರುವಾರ ತರಗತಿಯಲ್ಲಿ ರೋಗವನ್ನು ಹರಡಬಲ್ಲನು. ಆದುದರಿಂದ ಒಂದು ಚೀಟಿಯನ್ನು ನಂಬಿ ಕಿಟಕಿ ಮುಚ್ಚಿ ಪಾಠ ಮಾಡುವುದು ಅವಿವೇಕವೆಂದೇ ನನ್ನ ಅಭಿಪ್ರಾಯ. ಗಾಳಿಯಾಡುವ ಕೋಣೆ, ಮುಖಗವಸು, ಜ್ವರ ಬಂದವರು ಮನೆಯಲ್ಲಿಯೇ ಉಳಿಯುವುದು, ಇವು ದಿನದಿನವೂ ಕಾಯುತ್ತವೆ.

ಕೊನೆಯದು ಹೇಳಿದಷ್ಟು ಸುಲಭವಲ್ಲ. 2020ರಲ್ಲಿ ‘ಉಂಟು’ ಎಂದು ಫಲಿತಾಂಶ ಬಂದರೆ ಇಡೀ ಮನೆಯವರು ಹೊರಗೆ ಹೋಗುವಂತಿರಲಿಲ್ಲ. ತಂದೆಯ ದಿನಗೂಲಿಯೂ ನಿಲ್ಲುತ್ತಿತ್ತು. ಕಲಬುರಗಿ, ವಿಜಯಪುರಗಳ ಕಡೆಯಿಂದ ಕೂಲಿಗಾಗಿ ಬಂದ ನಮ್ಮವರ ಮನೆಗಳಲ್ಲಿ ಈ ಭಯವು ಸುಳ್ಳಾಗಿರಲಿಲ್ಲ. ಅಂಥ ಮನೆಯ ಹುಡುಗನನ್ನು ಎಲ್ಲರೆದುರು ಗದರಿಸಿದರೆ, ಅವನು ಮರುದಿನ ಕೆಮ್ಮನ್ನು ನುಂಗಿಕೊಂಡೇ ಶಾಲೆಗೆ ಬರುವನು.