ಬೆನ್ನುಹುರಿಗೊಂದು ವಿದ್ಯುತ್ ತೂಬು: ವರ್ಷಗಳುರುಳಿದ ಮೇಲೆ?

ಕೃಷಿಶಾಸ್ತ್ರ ಬರೆದ ಘನಮಠ ಶಿವಯೋಗಿಗಳ ಊರು ಸಂತೆಕಲ್ಲೂರು. ಆ ಸೀಮೆಯಲ್ಲಿ ಬೇಸಾಯವೆಂದರೆ ಬಗ್ಗಿದ ಬೆನ್ನು. ಕಳೆ ಕೀಳುವುದು, ಹತ್ತಿ ಬಿಡಿಸುವುದು, ಸಿಂಧನೂರಿನ ಕಡೆ ಭತ್ತದ ನಾಟಿ, ಚೀಲ ಹೊರುವುದು ಎಲ್ಲದರ ಭಾರವೂ ಸೊಂಟದ ಮೇಲೆಯೇ. ಬಹುಪಾಲು ಸೊಂಟನೋವು ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೆ ಕೆಲವರಿಗೆ ಶಸ್ತ್ರಚಿಕಿತ್ಸೆಯಾದ ಮೇಲೂ ಕಾಲಿಗೆ ಇಳಿಯುವ ನರದ ನೋವು ವರ್ಷಗಟ್ಟಲೆ ಕಾಡುತ್ತದೆ. ಅಂಥವರಿಗೆ ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ ಸೂಚಿಸುವ ಸಾಧನಗಳಲ್ಲೊಂದು ಬೆನ್ನುಹುರಿ ಉತ್ತೇಜಕ.

ತೂಬಿನ ತತ್ವ

ಇದರ ತತ್ವ ಕಾಲುವೆ ಬಲ್ಲವರಿಗೆ ಕಷ್ಟವಲ್ಲ. ನೋವಿನ ಸಂದೇಶ ಮಿದುಳಿಗೆ ಹೋಗುವ ದಾರಿಯಲ್ಲಿ, ಬೆನ್ನುಹುರಿಯಲ್ಲಿ, ತೂಬಿನಂಥ ಏರ್ಪಾಡಿದೆ ಎಂದು ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ವಾದಿಸಿದರು. ಸ್ಪರ್ಶದ ನರತಂತುಗಳು ಚುರುಕಾದರೆ ತೂಬು ಭಾಗಶಃ ಮುಚ್ಚುತ್ತದೆ. ಪೆಟ್ಟಾದ ಜಾಗವನ್ನು ತಿಕ್ಕಿದರೆ ಹಾಯೆನಿಸುವುದು ಇದರಿಂದಲೇ ಎಂಬುದು ಅವರ ವಿವರಣೆ. 1967ರಲ್ಲಿ ಅಮೆರಿಕದ ನಾರ್ಮನ್ ಶೀಲಿ ಮೊದಲ ಬಾರಿಗೆ ರೋಗಿಯೊಬ್ಬರ ಬೆನ್ನುಹುರಿಯ ಬಳಿ ವಿದ್ಯುದಗ್ರವಿಟ್ಟು ಈ ತತ್ವವನ್ನು ಪ್ರಯೋಗಕ್ಕಿಳಿಸಿದರು. ಈಗಿನ ಸಾಧನದಲ್ಲಿ ತೆಳು ತಂತಿಗಳು ಬೆನ್ನೆಲುಬಿನೊಳಗೂ, ಬ್ಯಾಟರಿ ಚರ್ಮದಡಿಯಲ್ಲೂ ಇರುತ್ತವೆ.

ಅಂಕಿಗಳ ಮಾತು

ನೀರು ಬಿಟ್ಟ ದಿನವಲ್ಲ, ಕೊನೆಯ ಹೊಲಕ್ಕೆ ತಲುಪಿದಾಗಲೇ ಕಾಲುವೆಯ ಪರೀಕ್ಷೆ. ಈ ಸಾಧನದ ಪರೀಕ್ಷೆಯೂ ವರ್ಷಗಳ ನಂತರದ್ದು. ಶಸ್ತ್ರಚಿಕಿತ್ಸೆ ಫಲಿಸದ 100 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳಿಗೆ ಉತ್ತೇಜಕ ಪಡೆದವರಲ್ಲಿ ಶೇ 48ರಷ್ಟು ಮಂದಿಗೆ ಕಾಲುನೋವು ಅರ್ಧಕ್ಕಿಳಿದಿತ್ತು. ಕೇವಲ ಔಷಧೋಪಚಾರದಲ್ಲಿದ್ದವರಲ್ಲಿ ಶೇ 9. ಎರಡು ವರ್ಷಕ್ಕೆ ಈ ಅಂಕಿಗಳು ಶೇ 37 ಮತ್ತು ಶೇ 2. ಆದರೆ ಆಗಲೂ ಸಾಧನ ಬಳಸುತ್ತಿದ್ದ 42 ಮಂದಿಯಲ್ಲಿ 13 ಮಂದಿಗೆ ಅದರ ಸಲುವಾಗಿಯೇ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಿತ್ತು.

ನೆದರ್‌ಲೆಂಡ್ಸ್‌ನಲ್ಲಿ ಬೇರೊಂದು ಬಗೆಯ ನರನೋವಿನ 54 ರೋಗಿಗಳನ್ನು ಐದು ವರ್ಷ ಗಮನಿಸಲಾಯಿತು. ಆರಂಭದಲ್ಲಿ ಕಂಡ ಲಾಭ ಕೊನೆಗೆ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವಾಗಿ ಉಳಿಯಲಿಲ್ಲ. ಆದರೂ ಸಾಧನ ಹಾಕಿಸಿಕೊಂಡವರಲ್ಲಿ ಶೇ 95ರಷ್ಟು ಮಂದಿ, ಇದೇ ಫಲಕ್ಕಾಗಿ ಮತ್ತೆ ಹಾಕಿಸಿಕೊಳ್ಳುತ್ತೇವೆ ಎಂದರು! ನೊಂದವರಿಗೆ ಕೆಲ ಕಾಲದ ನೆಮ್ಮದಿಯೂ ದೊಡ್ಡದೇ.

ನಾರ್ವೆಯ 50 ರೋಗಿಗಳಿಗೆ ಸಾಧನ ಚಾಲೂ ಇದೆಯೋ ಇಲ್ಲವೋ ತಿಳಿಯದಂತೆ ನಡೆಸಿದ, 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅವರ ದೈನಂದಿನ ಚಟುವಟಿಕೆಯಲ್ಲಿ ಗಮನಾರ್ಹ ಅಂತರ ಕಾಣಲಿಲ್ಲ. ಸೊಂಟನೋವಿನ ಮಟ್ಟಿಗೆ ಹುಸಿ ಉತ್ತೇಜನದೊಡನೆ ಹೋಲಿಸಿದ, ಒಂದು ವರ್ಷಕ್ಕೂ ಮೀರಿದ ಅಧ್ಯಯನವೇ ಸಿಗಲಿಲ್ಲವೆಂದು 2023ರ ಕಾಕ್ರೇನ್ ವಿಮರ್ಶೆ ಹೇಳಿತು.

ಕೇಳಬೇಕಾದ ಪ್ರಶ್ನೆಗಳು

ಸಾಧನದ ಬೆಲೆ ಲಕ್ಷಗಳಲ್ಲಿದೆ. ಜಮೀನು ಅಡವಿಡುವ ಮೊದಲು ಕುಟುಂಬ ಕೆಲವು ಪ್ರಶ್ನೆ ಕೇಳಬೇಕು. ಶಾಶ್ವತವಾಗಿ ಕೂರಿಸುವ ಮೊದಲು ಕೆಲವು ದಿನ ತಾತ್ಕಾಲಿಕ ತಂತಿಯಿಂದ ಪರೀಕ್ಷಿಸುತ್ತಾರೆಯೇ? ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ, ಬದಲಿಸುವ ಖರ್ಚು ಯಾರದು? ತಂತಿ ಸರಿದರೆ, ಸೋಂಕು ತಗುಲಿದರೆ ನೋಡುವವರು ಎಲ್ಲಿದ್ದಾರೆ? ಮುಂದೆ ಎಂ.ಆರ್.ಐ. ತೆಗೆಯಬಹುದೇ? ಬೆಂಗಳೂರು ಈ ಸೀಮೆಯಿಂದ ಸುಮಾರು 400 ಕಿ.ಮೀ. ದೂರ, ಪ್ರತಿ ತಪಾಸಣೆಯೂ ಕೂಲಿ ತಪ್ಪಿದ ಎರಡು ದಿನ.

ಉತ್ತೇಜಕವು ನೋವಿನ ಮೂಲವನ್ನು ಅಳಿಸುವುದಿಲ್ಲ. ಕೆಲವರಲ್ಲಿ, ಕೆಲ ಕಾಲ, ತೂಬನ್ನು ತಗ್ಗಿಸಬಹುದು. ಇಷ್ಟು ತಿಳಿದು ಮುಂದುವರಿದವರಿಗೆ ಅದು ಉಪಕರಣ, ತಿಳಿಯದವರಿಗೆ ಇನ್ನೊಂದು ಸಾಲ.