ಕಡಲ ತಡಿಯಲ್ಲಿ ಐದು ರಾತ್ರಿ

ನವಲಗುಂದದ ಎರೆಯ ಸೀಮೆಯಲ್ಲಿ ಬೆಳೆದವರಿಗೆ ಉಪ್ಪುನೀರು ಹೊಸತಲ್ಲ. ನಮ್ಮ ಕಡೆಯ ಬಾವಿಗಳ ನೀರು ಬಹುತರವಾಗಿ ಸವಳು. ಕುಡಿಯುವ ನೀರಿಗಾಗಿ ಊರ ಹೆಂಗಸರು ನೀಲಮ್ಮನ ಕೆರೆಗೆ ಹೋಗಿ ಕೊಡ ಹೊತ್ತು ತರುತ್ತಿದ್ದ ಕಾಲವನ್ನು ನಾವು ಕಣ್ಣಾರೆ ಕಂಡವರು. ನಮ್ಮ ಗೃಹಿಣಿಯೂ ಮದುವೆಯಾಗಿ ಬಂದಂದಿನಿಂದ ಹಲವು ವರ್ಷ ಹಾಗೆಯೇ ಹೊತ್ತಳು. ಆ ಕೊಡಗಳು ಈಗ ಅಟ್ಟವನ್ನು ಸೇರಿರುವವು. ಅವುಗಳ ಭಾರ ಮಾತ್ರ ಆಕೆಯ ಬಲಭುಜದಲ್ಲಿಯೂ ಮೊಳಕಾಲುಗಳಲ್ಲಿಯೂ ಉಳಿದಿರುವದು. ಅಂಥವಳನ್ನು ಕರೆದುಕೊಂಡು, ಉಪ್ಪುನೀರಿನ ಮಗ್ಗುಲಲ್ಲಿಯೇ ಐದು ರಾತ್ರಿ ಸುಮ್ಮನೆ ಕುಳಿತು ಬಂದ ವೃತ್ತಾಂತವನ್ನು ವಾಚಕರ ಮುಂದೆ ಇಡುತ್ತಲಿದ್ದೇವೆ.

ನಮಗೆ ಅರವತ್ತು ತುಂಬಿತು. ಷಷ್ಟ್ಯಬ್ದಿಶಾಂತಿಯ ವಿಚಾರ ನಡೆದಿರುವಾಗ ಬೆಂಗಳೂರಿನಲ್ಲಿ ನೌಕರಿಗಿರುವ ಮಗಳು, “ಅಪ್ಪಾ, ಶಾಂತಿ ಮಾಡಸ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಬಂದ ಮಂದಿಗೆಲ್ಲಾ ಅಡಿಗಿ ಮಾಡಾಕಿ ಅವ್ವನ ಅಲ್ಲೇನು? ಅಕಿಗೆ ಶಾಂತಿ ಯಾವಾಗ?” ಎಂದು ಕೇಳಿದಳು. ಮೂವತ್ತು ವರ್ಷ ಹುಡುಗರಿಗೆ ಪ್ರಶ್ನೆ ಹಾಕಿದ ನಮಗೆ ಈ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಮಗಳು ತಡಮಾಡದೆ ಗೋಕರ್ಣದ ಓಂ ಕಡಲತೀರದಲ್ಲಿರುವ ‘ಸ್ವಸ್ವರ’ವೆಂಬ ವಸತಿಗೃಹದಲ್ಲಿ ನಮ್ಮಿಬ್ಬರಿಗೂ ಸ್ಥಳ ಗೊತ್ತುಮಾಡಿಬಿಟ್ಟಳು. ಅದರ ವೆಚ್ಚವು, ನಾವು ಸೇವೆಗೆ ಸೇರಿದ ವರ್ಷ ಹನ್ನೆರಡು ತಿಂಗಳು ದುಡಿದು ತಂದುದಕ್ಕಿಂತ ಅಧಿಕವೆಂದು ತಿಳಿದಾಗ ನಮ್ಮ ಎದೆ ಧಸಕ್ಕೆಂದಿತು. ಮಹಾಬಲೇಶ್ವರನ ದರ್ಶನವಾದರೂ ಆಗುವದಲ್ಲಾ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಹೊರಟೆವು.

ಇಂಥ ಗೃಹಗಳಿಗೆ ಈಗ ‘ಸ್ಪಾ’ ಎಂದು ಹೆಸರು. ಬೆಲ್ಜಿಯಂ ದೇಶದಲ್ಲಿ ಸ್ಪಾ ಎಂಬ ಊರಿರುವದು. ಅಲ್ಲಿಯ ಖನಿಜಯುಕ್ತ ಬುಗ್ಗೆಗಳ ನೀರಿಗಾಗಿ ರೋಗಿಗಳು ಶತಮಾನಗಳಿಂದ ಹೋಗುತ್ತಿದ್ದುದರಿಂದ ಊರಿನ ಹೆಸರೇ ಉಪಚಾರದ ಹೆಸರಾಯಿತು. ಕಡಲಿನ ನೀರಿಗೆ ಆ ಮನ್ನಣೆ ಬಂದುದು ತರುವಾಯ. ಇಂಗ್ಲೆಂಡಿನ ರಿಚರ್ಡ್ ರಸೆಲ್ಲನೆಂಬ ವೈದ್ಯನು 1750ರಲ್ಲಿ, ಗ್ರಂಥಿರೋಗಗಳಿಗೆ ಸಮುದ್ರಜಲವು ಹಿತವೆಂದು ಲ್ಯಾಟಿನ್ ಭಾಷೆಯಲ್ಲಿ ಗ್ರಂಥ ಬರೆದನು. ಮೀನುಗಾರರ ಹಳ್ಳಿಯಂತಿದ್ದ ಬ್ರೈಟನ್ನು ಕ್ರಮೇಣ ಶ್ರೀಮಂತರ ವಿಹಾರಸ್ಥಾನವಾಯಿತು. ನಮ್ಮವರಿಗಾದರೋ ಸಮುದ್ರಸ್ನಾನವು ಪರ್ವಕಾಲದ ಕರ್ಮವೇ ಹೊರತು ಸುಖದ ಸಾಧನವಾಗಿರಲಿಲ್ಲ.

ಹುಬ್ಬಳ್ಳಿಯನ್ನು ದಾಟಿ ಕಲಘಟಗಿಗೆ ಬರುವಷ್ಟರಲ್ಲಿ ಕರಿಯ ಮಣ್ಣು ಕೆಂಪಾಗುವದು. ಯಲ್ಲಾಪುರದಲ್ಲಿ ಕಾಡು ಕವಿಯುವದು. ಅರಬೈಲು ಘಟ್ಟವನ್ನಿಳಿದರೆ ಗಾಳಿಯೇ ಬೇರೆ. ಅಂಕೋಲೆಯಲ್ಲಿ ವಾಹನ ನಿಲ್ಲಿಸಿದಾಗ, 1930ರಲ್ಲಿ ಇಲ್ಲಿ ಉಪ್ಪಿನ ಸತ್ಯಾಗ್ರಹ ನಡೆದುದನ್ನು ಗೃಹಿಣಿಗೆ ಹೇಳಿದೆವು. ಸಂಜೆಯ ಹೊತ್ತಿಗೆ, ಎರಡು ಅರ್ಧಚಂದ್ರಗಳನ್ನು ಜೋಡಿಸಿ ಓಂಕಾರ ಬರೆದಂತೆ ಬಾಗಿದ ದಂಡೆಯು ಕಣ್ಣಿಗೆ ಬಿದ್ದಿತು.

ವಸತಿಯಲ್ಲಿ ವೈದ್ಯರು ಮೊದಲು ನಿದ್ರೆ, ಹಸಿವು, ನೋವುಗಳನ್ನು ವಿಚಾರಿಸಿ ದಿನಚರಿಯನ್ನು ಗೊತ್ತುಪಡಿಸಿದರು. ಬೆಳಿಗ್ಗೆ ಯೋಗ, ಬಳಿಕ ಅಭ್ಯಂಗ, ಮಿತವಾದ ಊಟ, ಸಂಜೆ ಕಡಲಿನ ದಂಡೆ. ನಾವು ಇದರಲ್ಲಿ ಹೊಸದೇನನ್ನೂ ಕಾಣಲಿಲ್ಲ. ವಾಗ್ಭಟನು ತನ್ನ ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ ಅಭ್ಯಂಗವನ್ನು ನಿತ್ಯವೂ ಆಚರಿಸಬೇಕೆಂದೂ, ಅದು ಮುಪ್ಪು, ದಣಿವು, ವಾತಗಳನ್ನು ಕಳೆಯುವದೆಂದೂ ಹೇಳಿರುವನು. ತಲೆ, ಕಿವಿ, ಅಂಗಾಲುಗಳನ್ನು ವಿಶೇಷವಾಗಿ ಎಣಿಸಿರುವನು. ಅಜೀರ್ಣವಾದವರಿಗೂ ಕಫಪೀಡಿತರಿಗೂ ಅದು ಸಲ್ಲದೆಂದು ಎಚ್ಚರಿಸಿಯೂ ಇರುವನು. ಇದನ್ನು ನಾವು ಎಷ್ಟು ಸಲ ಓದಿಲ್ಲ! ಓದಿ, ಪುಸ್ತಕ ಮುಚ್ಚಿ, “ಚಹಾ ತಾ” ಎಂದು ಎಷ್ಟು ಸಲ ಕೂಗಿಲ್ಲ!

ಮೊದಲೆರಡು ದಿನ ಗೃಹಿಣಿಗೆ ಸುಖವೇ ಆಗಲಿಲ್ಲ. ಐದಕ್ಕೆ ಎದ್ದು ಒಲೆಯನ್ನು ಹುಡುಕುವಳು; ಆಳು ಬರುವ ಮುನ್ನವೇ ಹಾಸಿಗೆ ಮಡಿಸಿಡುವಳು; ಬಡಿಸಲು ಬಂದವರೆದುರು ಸಂಕೋಚದಿಂದ ಏಳಹೋಗುವಳು. ಮೂರನೆಯ ದಿನ ಊಟವಾದ ಮೇಲೆ ಮಲಗಿದವಳು ಹೊತ್ತು ಇಳಿಯುವವರೆಗೆ ಏಳಲಿಲ್ಲ. ಬಾಣಂತಿತನದಲ್ಲಿ ಹಾಗೂ ಜ್ವರದಲ್ಲಿ ಹೊರತು ಆಕೆ ಹಗಲು ಮಲಗಿದ್ದನ್ನು ನಾವು ಕಂಡಿರಲಿಲ್ಲ. ಗಾಬರಿಯಿಂದ ಹಣೆ ಮುಟ್ಟಿ ನೋಡಿದೆವು. ಎಚ್ಚತ್ತು ನಕ್ಕು, “ಜ್ವರಾ ಏನೂ ಇಲ್ಲರಿ. ಇಲ್ಲಿ ಹಾಯ್ ಅನಸೂದು ಎಣ್ಣಿಯಿಂದಲ್ಲ. ಯಾರೂ ಕರಿಯಂಗಿಲ್ಲ ನೋಡ್ರಿ, ಅದಕ್ಕ” ಎಂದಳು.

ಯಾರೂ ಕರೆಯುವದಿಲ್ಲ! ಮನೆಯಲ್ಲಿ ಕರೆಯುವವರು ಯಾರು? ಮಕ್ಕಳು ದೂರ ಹೋಗಿ ವರ್ಷಗಳಾದವು. ಉಳಿದವರು ನಾವೊಬ್ಬರೇ. ಕನ್ನಡಕ, ಪತ್ರಿಕೆ, ಬಿಸಿನೀರು ಇವುಗಳಿಗಾಗಿ ದಿನಕ್ಕೆ ಎಷ್ಟು ಸಲ ಆಕೆಯ ಹೆಸರನ್ನು ಉಚ್ಚರಿಸುವೆವೆಂದು ಲೆಕ್ಕ ಹಾಕತೊಡಗಿ, ನಾಚಿ ಅರ್ಧಕ್ಕೇ ಬಿಟ್ಟೆವು.

ಮರಳುವ ದಿನ ಮಹಾಬಲೇಶ್ವರನ ದರ್ಶನ ತೀರಿಸಿಕೊಂಡು ಸಾಣಿಕಟ್ಟೆಯ ಉಪ್ಪಿನಾಗರಗಳನ್ನು ನೋಡಿದೆವು. ಉಬ್ಬರದ ನೀರನ್ನು ಮಡಿಗಳಿಗೆ ಬಿಟ್ಟು, ಬಿಸಿಲಿನಲ್ಲಿ ಇಂಗಿಸಿ, ಹರಳುಗಟ್ಟಿದ ಉಪ್ಪನ್ನು ಬಳಿದು ರಾಶಿ ಮಾಡುವರು. ಬಿಸಿಲಲ್ಲಿ ಬುಟ್ಟಿ ಹೊತ್ತು ನಡೆದಿದ್ದ ಹೆಂಗಸರನ್ನು ಗೃಹಿಣಿಯು ಬಹಳ ಹೊತ್ತು ನೋಡಿ, “ಇವರ ಭುಜಕ್ಕ ಎಣ್ಣಿ ಹಚ್ಚವರು ಯಾರು?” ಎಂದಳು. ಮಗಳ ಪ್ರಶ್ನೆಯಂತೆ ಇದಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ.

ಇಂಥ ವಸತಿಯು ಎಲ್ಲರ ಕೈಗೆ ನಿಲುಕತಕ್ಕುದಲ್ಲ. ನಮಗೂ ಎರಡನೆಯ ಸಲ ನಿಲುಕಲಾರದು. ಆದರೆ ಅಲ್ಲಿ ಹಿತವೆನಿಸಿದುದರಲ್ಲಿ ಹೆಚ್ಚಿನದು ಹಣದಿಂದ ಬಂದುದಲ್ಲವೆಂದು ನಮ್ಮ ಅನುಭವ. ಎಳ್ಳೆಣ್ಣೆ ಪ್ರತಿ ಮನೆಯಲ್ಲಿಯೂ ಇರುವದು. ವಾರಕ್ಕೊಂದು ಅಭ್ಯಂಗ ಸಾಧ್ಯವಿಲ್ಲದ ಮನೆ ವಿರಳ. ಕಡಲು ನಮ್ಮೂರಿಗೆ ಬಾರದು. ಕರೆಯದೆ ಇರುವ ಒಂದು ಮಧ್ಯಾಹ್ನವನ್ನು ಗೃಹಸ್ಥನು ಮನಸ್ಸು ಮಾಡಿದರೆ ತರಬಲ್ಲನು. ‘ಸ್ವಸ್ಥ’ನೆಂದರೆ ತನ್ನಲ್ಲಿ ತಾನು ನಿಂತವನೆಂದು ಹುಡುಗರಿಗೆ ಬಿಡಿಸಿ ಹೇಳುತ್ತಿದ್ದೆವು. ಕ್ಷಣಕ್ಷಣಕ್ಕೆ ಕರೆದು ಎಬ್ಬಿಸಿದರೆ ಯಾರು ತಾನೇ ತಮ್ಮಲ್ಲಿ ನಿಂತಾರು?

ಈಗ ನಮ್ಮ ಮನೆಯಲ್ಲಿ ಭಾನುವಾರದ ಮಧ್ಯಾಹ್ನ ಆಕೆಯದು. ಆ ಹೊತ್ತಿನ ಚಹಾ ನಮ್ಮ ಕೈಯದು. ಮೊದಲ ಭಾನುವಾರ ನಾವು ಮಾಡಿದ ಚಹಾ ಕುಡಿಯುವಂತಿರಲಿಲ್ಲ. ಪಾತ್ರೆಯ ಸಪ್ಪಳ ಕೇಳಿಯೂ ಆಕೆ ಎದ್ದು ಬರಲಿಲ್ಲ. ಅದೇ ನಮಗೆ ಸಂತೋಷ.