ಕಲ್ಲಿನ ಪದರಗಳನ್ನು ಓದಿದ ಧರ್ಮಾಧ್ಯಕ್ಷರು: ಧನ್ಯ ನಿಕೊಲಾಸ್ ಸ್ಟೆನೊ

ಡಿಸೆಂಬರ್ ಬಂತೆಂದರೆ ನಮ್ಮ ಮನಸ್ಸೆಲ್ಲ ಆಗಮನ ಕಾಲದ ಸಿದ್ಧತೆ, ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಹಬ್ಬ, ಅಮಲೋದ್ಭವ ಮಾತೆಯ ಹಬ್ಬ, ಕ್ರಿಸ್ತಜಯಂತಿ ಇವುಗಳತ್ತ ಹರಿಯುತ್ತದೆ. ಇವುಗಳ ನಡುವೆ, 5ನೇ ತಾರೀಖಿನಂದು, ಸದ್ದಿಲ್ಲದೆ ಬಂದುಹೋಗುವ ಸ್ಮರಣೆಯೊಂದಿದೆ. ಅದು ಧನ್ಯ ನಿಕೊಲಾಸ್ ಸ್ಟೆನೊ ಅವರದು. ಭೂವಿಜ್ಞಾನದ ಪಠ್ಯಪುಸ್ತಕ ತೆರೆದರೆ ಆರಂಭದ ಅಧ್ಯಾಯಗಳಲ್ಲೇ ಅವರ ಹೆಸರು ಸಿಗುತ್ತದೆ. ಧರ್ಮಸಭೆಯ ಧನ್ಯರ ಪಟ್ಟಿಯಲ್ಲಿಯೂ ಅದೇ ಹೆಸರಿದೆ.

ವಿಜ್ಞಾನ ಓದಿದ ಮಕ್ಕಳು ವಿಶ್ವಾಸ ಕಳೆದುಕೊಳ್ಳುತ್ತಾರೆಂದು ನಮ್ಮಲ್ಲಿ ಅನೇಕ ಹೆತ್ತವರು ಹೆದರುತ್ತಾರೆ. "ಶಾಲೆಯ ಪಳೆಯುಳಿಕೆ ಪಾಠ ಸರಿಯೋ, ಬೈಬಲಿನ ಆದಿಕಾಂಡ ಸರಿಯೋ?" ಎಂದು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಕೇಳುತ್ತಾರೆ. ಎರಡರಲ್ಲಿ ಒಂದನ್ನು ಬಿಡಲೇಬೇಕೆ? ಈ ಪ್ರಶ್ನೆಗೆ ಸ್ಟೆನೊ ಅವರ ಬದುಕೇ ಒಂದು ಉತ್ತರ.

ಅಕ್ಕಸಾಲಿಗರ ಮಗ, ಶರೀರಶಾಸ್ತ್ರಜ್ಞ

ಸ್ಟೆನೊ ಅವರು 1638ರ ಜನವರಿಯಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಜನಿಸಿದರು. ತಂದೆ ಅಕ್ಕಸಾಲಿಗರು, ಕುಟುಂಬ ಲೂಥರನ್ ಸಭೆಗೆ ಸೇರಿದ್ದು. ಮೊದಲು ಅವರು ಕಲಿತದ್ದು ವೈದ್ಯಕೀಯ. 1660ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕುರಿಯ ತಲೆಯೊಂದನ್ನು ಛೇದಿಸಿ ನೋಡುತ್ತಿದ್ದಾಗ ಕೆನ್ನೆಯ ಗ್ರಂಥಿಯಿಂದ ಬಾಯಿಗೆ ಜೊಲ್ಲು ಹರಿಸುವ ನಾಳವನ್ನು ಅವರು ಕಂಡುಹಿಡಿದರು. ಉಪ್ಪಿನಕಾಯಿ ನೋಡಿದೊಡನೆ ನಮ್ಮ ಬಾಯಲ್ಲಿ ನೀರೂರುತ್ತದಲ್ಲವೆ? ಆ ನೀರು ಬರುವ ಒಂದು ದಾರಿ ಇಂದಿಗೂ ವೈದ್ಯಶಾಸ್ತ್ರದಲ್ಲಿ ಅವರ ಹೆಸರಿನಲ್ಲೇ ಇದೆ. ಹೃದಯವು ಶರೀರದ ಬೇರೆ ಸ್ನಾಯುಗಳಂತೆ ಒಂದು ಸ್ನಾಯು ಎಂದೂ ಅವರು ತೋರಿಸಿಕೊಟ್ಟರು. 1665ರಲ್ಲಿ ಪ್ಯಾರಿಸ್ಸಿನಲ್ಲಿ ಮಾತನಾಡುತ್ತ, ಮಹಾ ತತ್ತ್ವಜ್ಞಾನಿ ಡೆಕಾರ್ಟ್ ಅವರು ಮಿದುಳಿನ ಬಗ್ಗೆ ಹೇಳಿದ್ದ ಕೆಲವು ಸಂಗತಿಗಳು ಛೇದನದಲ್ಲಿ ಕಾಣುವುದಕ್ಕೆ ಹೊಂದುವುದಿಲ್ಲ ಎಂದು ವಿವರಿಸಿದರು. ಹೇಳಿದವರು ಎಷ್ಟೇ ದೊಡ್ಡವರಾಗಿರಲಿ, ವಸ್ತುವನ್ನೇ ನೋಡಿ ತೀರ್ಮಾನಿಸಬೇಕು ಎಂಬುದು ಅವರ ಪದ್ಧತಿ.

ಶಾರ್ಕಿನ ಹಲ್ಲು, ಸಂತ ಪೌಲರ ದ್ವೀಪ

1666ರಲ್ಲಿ ಅವರು ಇಟಲಿಯ ಫ್ಲಾರೆನ್ಸಿಗೆ ಬಂದು ದೊರೆ ಎರಡನೇ ಫರ್ಡಿನಾಂಡೊ ಅವರ ಆಶ್ರಯದಲ್ಲಿ ನೆಲೆಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಲಿವೊರ್ನೊ ಬಳಿ ಮೀನುಗಾರರು ಭಾರಿ ಶಾರ್ಕ್ ಮೀನೊಂದನ್ನು ಹಿಡಿದರು. ದೊರೆಯ ಆಜ್ಞೆಯಂತೆ ಅದರ ತಲೆ ಸ್ಟೆನೊ ಅವರ ಮೇಜಿಗೆ ಬಂತು. ಆ ಹಲ್ಲುಗಳನ್ನು ನೋಡಿದಾಗ ಅವರಿಗೆ ನೆನಪಾದದ್ದು 'ನಾಲಿಗೆಕಲ್ಲು'ಗಳು.

ಇವು ಮಾಲ್ಟಾ ದ್ವೀಪದ ಬಂಡೆಗಳಲ್ಲಿ ಹೇರಳವಾಗಿ ಸಿಗುತ್ತಿದ್ದ ತ್ರಿಕೋನಾಕಾರದ ಕಲ್ಲುಗಳು. ಪ್ರೇಷಿತರ ಕಾರ್ಯಕಲಾಪಗಳ 28ನೇ ಅಧ್ಯಾಯವನ್ನು ನಾವೆಲ್ಲ ಓದಿದ್ದೇವೆ: ಹಡಗು ಒಡೆದು ಮಾಲ್ಟಾ ಸೇರಿದ ಪೌಲರ ಕೈಗೆ ಹಾವು ಸುತ್ತಿಕೊಂಡಿತು, ಅವರು ಅದನ್ನು ಬೆಂಕಿಗೆ ಝಾಡಿಸಿದರು, ಅವರಿಗೆ ಏನೂ ಆಗಲಿಲ್ಲ. ಈ ಘಟನೆಗೆ ಜನರು ಒಂದು ಕತೆಯನ್ನು ಸೇರಿಸಿದ್ದರು. ಪೌಲರ ಶಾಪದಿಂದ ಹಾವುಗಳ ನಾಲಿಗೆ ಕಲ್ಲಾಯಿತು, ಅವೇ ಈ ಕಲ್ಲುಗಳು ಎಂದು. ವಿಷ ತಗಲದಿರಲೆಂದು ಅವನ್ನು ತಾಯತದಂತೆ ಧರಿಸುತ್ತಿದ್ದರು.

ಇವು ನಾಲಿಗೆಗಳಲ್ಲ, ಶಾರ್ಕಿನ ಹಲ್ಲುಗಳು ಎಂದು ಸ್ಟೆನೊ ಹೇಳಿದರು. ಇಟಲಿಯ ಫಾಬಿಯೊ ಕೊಲೊನ್ನಾ ಅವರು 1616ರಲ್ಲಿಯೇ ಇದನ್ನು ಹೇಳಿದ್ದರು. ಆದರೆ ಮೀನಿನ ಹಲ್ಲು ಬಂಡೆಯೊಳಗೆ ಹೋದದ್ದು ಹೇಗೆ? ಇದಕ್ಕೆ ಕ್ರಮಬದ್ಧವಾದ ಉತ್ತರ ಹುಡುಕಿದ್ದು ಸ್ಟೆನೊ ಅವರ ಹಿರಿಮೆ. ಬಂಡೆಯ ಬಿರುಕಿನಲ್ಲಿ ಬೆಳೆಯುವ ಮರದ ಬೇರು ಚಪ್ಪಟೆಯಾಗುತ್ತದೆ, ಸೊಟ್ಟಗಾಗುತ್ತದೆ. ನಾಲಿಗೆಕಲ್ಲುಗಳು ಹಾಗೆ ಸೊಟ್ಟಗಾಗಿಲ್ಲ. ಆದ್ದರಿಂದ ಅವು ಬಂಡೆಯೊಳಗೆ ಹುಟ್ಟಿ ಬೆಳೆದವಲ್ಲ. ಮೊದಲೇ ಗಟ್ಟಿಯಾಗಿದ್ದ ಹಲ್ಲು ನೀರಿನಡಿಯ ಮೆತ್ತನೆಯ ಕೆಸರಿನಲ್ಲಿ ಹೂತಿತು. ಕೆಸರು ಆಮೇಲೆ ಕಲ್ಲಾಯಿತು. ಅಂದರೆ ಇಂದು ಒಣನೆಲವಾಗಿರುವ ಜಾಗ ಹಿಂದೊಮ್ಮೆ ನೀರಿನ ಅಡಿಯಲ್ಲಿತ್ತು.

ಇಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಕಲ್ಲಿನ ಕತೆ ಹೋಯಿತು. ಸಂತ ಪೌಲರಿಗಾಗಲಿ ಪವಿತ್ರ ಗ್ರಂಥಕ್ಕಾಗಲಿ ನಷ್ಟವೇನೂ ಆಗಲಿಲ್ಲ. ವಿಶ್ವಾಸಕ್ಕೆ ಅಂಟಿಕೊಂಡ ದಂತಕತೆ ಬೇರೆ, ವಿಶ್ವಾಸ ಬೇರೆ.

ಪದರಗಳ ನಿಯಮ

1669ರಲ್ಲಿ ಸ್ಟೆನೊ ಲತೀನ್ ಭಾಷೆಯಲ್ಲಿ ಒಂದು ಚಿಕ್ಕ ಗ್ರಂಥ ಪ್ರಕಟಿಸಿದರು. ಸಾಮಾನ್ಯವಾಗಿ 'ಪ್ರೊಡ್ರೊಮುಸ್' ಎಂದು ಕರೆಯಲಾಗುವ ಅದು, ಮುಂದೆ ಬರಬೇಕಿದ್ದ ದೊಡ್ಡ ಗ್ರಂಥಕ್ಕೆ ಮುನ್ನುಡಿ. ದೊಡ್ಡ ಗ್ರಂಥ ಬರಲೇ ಇಲ್ಲ; ಮುನ್ನುಡಿಯೇ ಒಂದು ಶಾಸ್ತ್ರಕ್ಕೆ ಅಡಿಪಾಯವಾಯಿತು. ಅದರ ತಿರುಳು ಸರಳ. ತಟ್ಟೆಯಲ್ಲಿ ಒಂದರ ಮೇಲೊಂದು ದೋಸೆ ಹಾಕುತ್ತ ಹೋದರೆ ಎಲ್ಲಕ್ಕಿಂತ ಕೆಳಗಿರುವುದು ಮೊದಲು ಹೊಯ್ದದ್ದು. ಹಾಗೆಯೇ ನೀರಿನಡಿಯಲ್ಲಿ ಶೇಖರವಾದ ಪದರಗಳಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು. ಪದರಗಳು ಮೊದಲು ಸಮತಲವಾಗಿ ಹರಡುತ್ತವೆ. ಈಗ ವಾಲಿ ನಿಂತಿದ್ದರೆ, ಆಮೇಲೆ ಏನೋ ಅವನ್ನು ಅಲುಗಿಸಿದೆ. ಒಂದು ಪದರವನ್ನು ಇನ್ನೊಂದು ಬಂಡೆ ಸೀಳಿಕೊಂಡು ಹೋಗಿದ್ದರೆ, ಸೀಳಿದ್ದು ನಂತರದ್ದು. ಇಂದಿಗೂ ಭೂವಿಜ್ಞಾನಿಗಳು ಬಂಡೆಗಳ ಇತಿಹಾಸವನ್ನು ಓದುವುದು ಈ ನಿಯಮಗಳಿಂದಲೇ.

ಸ್ಟೆನೊ ತಮ್ಮ ಕಾಲದವರಂತೆ ಭೂಮಿಗೆ ಕೆಲವೇ ಸಾವಿರ ವರ್ಷಗಳ ವಯಸ್ಸೆಂದು ಭಾವಿಸಿದ್ದರು. ಜಲಪ್ರಳಯವನ್ನೂ ತಮ್ಮ ವಿವರಣೆಯಲ್ಲಿ ಸೇರಿಸಿದ್ದರು. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷಗಳೆಂದು ಇಂದು ನಮಗೆ ಗೊತ್ತು. ಆದರೆ ಆ ಲೆಕ್ಕದ ದಾರಿ ತೆರೆದದ್ದು ಅವರು ಹೇಳಿಕೊಟ್ಟ ಪದರಗಳ ಓದು.

ವಿಶ್ವಾಸದ ದಾರಿ

1666ರಲ್ಲಿ ಲಿವೊರ್ನೊ ಪಟ್ಟಣದಲ್ಲಿ ಪರಮ ಪ್ರಸಾದದ ಹಬ್ಬದ ಮೆರವಣಿಗೆ ಅವರ ಕಣ್ಣಿಗೆ ಬಿತ್ತು. ಇದು ಬರೀ ರೊಟ್ಟಿಯಾದರೆ ಈ ಜನರೆಲ್ಲ ಮರುಳರು. ನಿಜವಾಗಿ ಕ್ರಿಸ್ತನ ಶರೀರವಾದರೆ ನಾನೇಕೆ ಗೌರವಿಸುತ್ತಿಲ್ಲ? ಈ ಪ್ರಶ್ನೆ ಅವರನ್ನು ಬಿಡಲಿಲ್ಲ. ಶಾರ್ಕಿನ ಹಲ್ಲನ್ನು ಪರೀಕ್ಷಿಸಿದ ಶ್ರದ್ಧೆಯಿಂದಲೇ ಪವಿತ್ರ ಗ್ರಂಥವನ್ನೂ ಆದಿಸಭೆಯ ಪಿತೃಗಳ ಬರಹಗಳನ್ನೂ ಪರಿಶೀಲಿಸಿದರು. 1667ರ ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಕಥೋಲಿಕ ಧರ್ಮಸಭೆ ಸೇರುವ ನಿರ್ಧಾರ ಮಾಡಿದರು.

ವಿಶ್ವಾಸ ಬಂದೊಡನೆ ವಿಜ್ಞಾನ ಬಿಟ್ಟರೆಂದು ಕೆಲವರು ಹೇಳುವುದುಂಟು. ವರ್ಷಗಳನ್ನು ನೋಡಿ: 'ಪ್ರೊಡ್ರೊಮುಸ್' ಪ್ರಕಟವಾದದ್ದು ಆ ನಿರ್ಧಾರದ ಎರಡು ವರ್ಷಗಳ ನಂತರ. 1673ರಲ್ಲಿ ಕೋಪನ್‌ಹೇಗನ್ನಿನಲ್ಲಿ ಶರೀರಶಾಸ್ತ್ರ ಬೋಧಿಸುವಾಗಲೂ, ಸೃಷ್ಟಿಯಲ್ಲಿ ನಮಗಿನ್ನೂ ತಿಳಿಯದ ಭಾಗವೇ ಅತ್ಯಂತ ಸುಂದರವೆಂಬ ಭಾವವನ್ನು ಅವರು ಹಂಚಿಕೊಂಡರು. 1675ರಲ್ಲಿ ಗುರುದೀಕ್ಷೆ, 1677ರಲ್ಲಿ ಧರ್ಮಾಧ್ಯಕ್ಷ ಪದವಿ. ಉತ್ತರ ಜರ್ಮನಿಯಲ್ಲಿ ಚದುರಿಹೋಗಿದ್ದ ಕಥೋಲಿಕರ ಸೇವೆಗೆ ನಿಂತ ಮೇಲೆ ಸಂಶೋಧನೆ ಹಿಂದೆ ಸರಿದದ್ದು ನಿಜ. ಆದರೆ ಹಿಂದೆ ತಾವು ಬರೆದದ್ದನ್ನು ಅವರು ತಳ್ಳಿಹಾಕಲಿಲ್ಲ.

ಸತ್ಯವನ್ನು ಇದ್ದಂತೆ ನೋಡುವ ಆ ಕಣ್ಣು ಧರ್ಮಸಭೆಯ ಒಳಗೂ ಮಂಕಾಗಲಿಲ್ಲ. 1683ರಲ್ಲಿ ಮ್ಯೂನ್‌ಸ್ಟರಿನ ಧರ್ಮಾಧ್ಯಕ್ಷರ ಆಯ್ಕೆಯಲ್ಲಿ ಹಣದ ಪ್ರಭಾವ ಕಂಡಾಗ, ಅಲ್ಲಿ ಸಹಾಯಕ ಧರ್ಮಾಧ್ಯಕ್ಷರಾಗಿದ್ದ ಸ್ಟೆನೊ ಪ್ರತಿಭಟಿಸಿ ಊರನ್ನೇ ಬಿಟ್ಟರು. ಬಡವರಿಗಾಗಿ ತಮ್ಮ ಉಂಗುರವನ್ನೂ ಶಿಲುಬೆಯನ್ನೂ ಮಾರಿದರು. ಉಪವಾಸ, ದುಡಿಮೆಗಳಿಂದ ದೇಹ ಸವೆದು 1686ರ ಡಿಸೆಂಬರ್ 5ರಂದು ಶ್ವೆರೀನ್ ಪಟ್ಟಣದಲ್ಲಿ ತೀರಿಕೊಂಡಾಗ ಅವರಿಗೆ ಕೇವಲ 48 ವರ್ಷ. ಅವರ ದೇಹ ಫ್ಲಾರೆನ್ಸಿನ ಸಂತ ಲೊರೆನ್ಸೊ ದೇವಾಲಯದಲ್ಲಿದೆ. 1988ರ ಅಕ್ಟೋಬರ್ 23ರಂದು ಜಗದ್ಗುರು ಎರಡನೇ ಜಾನ್ ಪಾಲ್ ಅವರು ಸ್ಟೆನೊ ಅವರನ್ನು ಧನ್ಯರೆಂದು ಘೋಷಿಸಿದರು. ವಿಶ್ವಾಸ ಮತ್ತು ವಿವೇಚನೆ ಎರಡೂ ಮನುಷ್ಯನನ್ನು ಸತ್ಯದೆಡೆಗೆ ಒಯ್ಯುತ್ತವೆಂದು 1998ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದವರೂ ಅವರೇ.

ಪ್ರಿಯ ಓದುಗರೇ, ಮಕ್ಕಳು ಪ್ರಶ್ನೆ ಕೇಳಿದಾಗ ಗದರಿಸಿ ಬಾಯಿ ಮುಚ್ಚಿಸುವುದು ವಿಶ್ವಾಸದ ರಕ್ಷಣೆಯಲ್ಲ. ಹಾಗೆ ಮಾಡಿದರೆ ಅವರು ಪ್ರಶ್ನೆಯನ್ನು ಬಿಡುವುದಿಲ್ಲ, ನಮ್ಮನ್ನು ಕೇಳುವುದನ್ನು ಬಿಡುತ್ತಾರೆ. ಕಲ್ಲನ್ನು ಸೃಷ್ಟಿಸಿದ ದೇವರೇ ಪವಿತ್ರ ಗ್ರಂಥದಲ್ಲಿ ಮಾತನಾಡಿದ್ದಾರೆ. ಸತ್ಯ ಸತ್ಯಕ್ಕೆ ಶತ್ರುವಾಗಲಾರದು. ಈ ಡಿಸೆಂಬರ್ 5ರಂದು ನಮ್ಮ ಮನೆಗಳಲ್ಲಿ ಓದುತ್ತಿರುವ ಮಕ್ಕಳನ್ನೂ ಅವರಿಗೆ ಪಾಠ ಹೇಳುವ ಶಿಕ್ಷಕರನ್ನೂ ಪ್ರಾರ್ಥನೆಯಲ್ಲಿ ನೆನೆಯೋಣ. ನೋಡುವ ಕಣ್ಣನ್ನೂ, ಕಂಡದ್ದನ್ನು ಒಪ್ಪಿಕೊಳ್ಳುವ ಧೈರ್ಯವನ್ನೂ ದೇವರು ನಮಗೆಲ್ಲ ದಯಪಾಲಿಸಲಿ.